ಗೋಧಿ ಬಿಟ್ಟವರ ದಿನಸಿ ಚೀಟಿ: ಯಾವುದಕ್ಕೆ ಹೆಚ್ಚು ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಗೋಧಿ ಬಿಡಬೇಕು ಎಂದು ಡಾಕ್ಟರು ಹೇಳಿದ ಮೊದಲ ವಾರ ಬಹುತೇಕ ಮನೆಗಳಲ್ಲಿ ಆಗುವುದು ಒಂದೇ. ಫೋನಿನಲ್ಲಿ ‘ಗ್ಲುಟೆನ್ ಫ್ರೀ’ (ಗೋಧಿ, ಬಾರ್ಲಿ, ರೈಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಇಲ್ಲದ್ದು) ಎಂದು ಹುಡುಕುತ್ತಾರೆ. ಗೋಧಿ ಹಿಟ್ಟಿನ ಮೂರ್ನಾಲ್ಕು ಪಟ್ಟು ಬೆಲೆಯ ಹಿಟ್ಟು, ಅಂಗೈಯಗಲದ ಬ್ರೆಡ್ಡು, ಬಣ್ಣದ ಡಬ್ಬಿಯ ಪಾಸ್ತಾ ಕಾಣುತ್ತವೆ. ತಿಂಗಳ ದಿನಸಿ ಬಿಲ್ಲು ಒಂದೂವರೆ ಪಟ್ಟು ಆಗಿಬಿಡುತ್ತದೆ. ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ನೀರುದೋಸೆ ಉಣ್ಣುವ ನಾಡಿನಲ್ಲಿ ಇಷ್ಟೆಲ್ಲ ಬೇಕಿಲ್ಲ. ಆ ಪ್ಯಾಕೆಟ್ಟುಗಳಲ್ಲಿ ನಾವು ಹೆಚ್ಚುವರಿ ದುಡ್ಡು ಕೊಡುವುದು ಒಳಗಿನ ಧಾನ್ಯಕ್ಕಲ್ಲ, ಅದನ್ನು ಗೋಧಿಯ ಧೂಳು ಬೀಳದ ಯಂತ್ರದಲ್ಲಿ ಬೀಸಿ, ಪರೀಕ್ಷೆ ಮಾಡಿಸಿದ್ದಕ್ಕೆ. ಆ ಕೆಲಸದಲ್ಲಿ ಎಷ್ಟನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಎಷ್ಟಕ್ಕೆ ದುಡ್ಡು ಕೊಡುವುದೇ ಸರಿ ಎನ್ನುವುದು ಲೆಕ್ಕ ಹಾಕಬೇಕಾದ ವಿಷಯ.

ಮೊದಲು ಯಾವ ತೊಂದರೆ ಎಂದು ಗೊತ್ತಿರಲಿ

ಗೋಧಿ ಒಗ್ಗದಿರುವುದರಲ್ಲಿ ಮೂರು ಬಗೆ. ಸೀಲಿಯಾಕ್ ಕಾಯಿಲೆಯಲ್ಲಿ ಗ್ಲುಟೆನ್ ಒಳಗೆ ಹೋದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣಕರುಳಿನ ಒಳಪದರವನ್ನು ಸವೆಸುತ್ತದೆ. ಭೇದಿ, ರಕ್ತಹೀನತೆ, ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು ಇದರಿಂದ. ಹೊಟ್ಟೆಗೆ ಏನೂ ಅನಿಸದೆ ಹೋದರೂ ಒಳಗೆ ಹಾನಿ ನಡೆದಿರಬಹುದು. ಎರಡನೆಯದು ಗೋಧಿಯ ಅಲರ್ಜಿ. ತಿಂದ ಸ್ವಲ್ಪ ಹೊತ್ತಿನಲ್ಲೇ ಗಂದೆ ಏಳುವುದು, ತುಟಿ ಊದುವುದು, ಕೆಲವರಿಗೆ ಉಸಿರೇ ಕಟ್ಟುವುದು. ಮೂರನೆಯದು ಇವೆರಡೂ ಅಲ್ಲದ ಸೂಕ್ಷ್ಮತೆ: ಚಪಾತಿ ತಿಂದರೆ ಹೊಟ್ಟೆ ಉಬ್ಬರ, ಬಿಟ್ಟರೆ ಹಗುರ. ಇವರಲ್ಲಿ ಹಲವರಿಗೆ ತೊಂದರೆ ಕೊಡುವುದು ಗ್ಲುಟೆನ್ ಅಲ್ಲ, ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದೇ ಇದೆ. ಗೋಧಿ ಬಿಟ್ಟೂ ಉಬ್ಬರ ಹೋಗದವರು ಒಗ್ಗರಣೆಯ ಬೆಳ್ಳುಳ್ಳಿಯನ್ನೊಮ್ಮೆ ನೋಡಬೇಕು.

ಇದು ಖರ್ಚಿನ ಪ್ರಶ್ನೆಯೂ ಹೌದು. ಮೂರನೆಯ ಬಗೆಯವರಿಗೆ ಬೀದಿ ಕೊನೆಯ ಗಿರಣಿಯ ಹಿಟ್ಟು ಸಾಕು, ಚಿಟಿಕೆ ಇಂಗಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸೀಲಿಯಾಕ್ ಅಥವಾ ಗೋಧಿಯ ಅಲರ್ಜಿ ಇದ್ದವರಿಗೆ ಅದೇ ಗಿರಣಿ ದೊಡ್ಡ ತಲೆನೋವು. ಪರೀಕ್ಷೆ ಮಾಡಿಸದೆ ‘ಇರಲಿ’ ಎಂದು ಕಟ್ಟುನಿಟ್ಟು ಪಥ್ಯ ಹಿಡಿದವರು ವರ್ಷಗಟ್ಟಲೆ ಬೇಡದ ಖರ್ಚು ಮಾಡುತ್ತಾರೆ. ರಕ್ತದಲ್ಲಿನ ಪ್ರತಿಕಾಯಗಳನ್ನು ಅಳೆಯುವ ಟಿಟಿಜಿ-ಐಜಿಎ ಎಂಬ ಪರೀಕ್ಷೆ, ಜೊತೆಗೆ ಒಟ್ಟು ಐಜಿಎ ಪ್ರಮಾಣ, ಅಗತ್ಯವಿದ್ದರೆ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡುವುದು ಸೀಲಿಯಾಕ್ ಪತ್ತೆಯ ಕ್ರಮ. ಇಷ್ಟೂ ಮುಗಿಯುವವರೆಗೆ ಗೋಧಿ ಬಿಡಬಾರದು. ಬಿಟ್ಟರೆ ರಕ್ತದಲ್ಲಿನ ಆ ಪ್ರತಿಕಾಯ ಇಳಿದು ಪರೀಕ್ಷೆ ಸುಳ್ಳೇ ‘ಇಲ್ಲ’ ಎನ್ನುತ್ತದೆ. ಆಮೇಲೆ ಪರೀಕ್ಷೆಗಾಗಿಯೇ ವಾರಗಟ್ಟಲೆ ಚಪಾತಿ ತಿನ್ನಬೇಕಾಗುತ್ತದೆ.

ಐದು ಕಾಳಿನ ಲೆಕ್ಕ

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನಿಯಮದಂತೆ ಕಿಲೋಗೆ 20 ಮಿಲಿಗ್ರಾಂ ಮೀರದಷ್ಟು ಗ್ಲುಟೆನ್ ಇದ್ದರೆ ಮಾತ್ರ ‘ಗ್ಲುಟೆನ್ ಫ್ರೀ’ ಎಂದು ಅಚ್ಚು ಹಾಕಬಹುದು. ಅಮೆರಿಕ, ಯುರೋಪಿನಲ್ಲೂ ಇದೇ ಗೆರೆ. ಅಂಗಡಿ ಭಾಷೆಯಲ್ಲಿ ಹೇಳುವುದಾದರೆ, ಒಂದು ಗೋಧಿ ಕಾಳು 35ರಿಂದ 40 ಮಿಲಿಗ್ರಾಂ ತೂಗುತ್ತದೆ, ಅದರಲ್ಲಿ ಹತ್ತನೇ ಒಂದು ಪಾಲು ಗ್ಲುಟೆನ್ ಎಂದಿಟ್ಟುಕೊಳ್ಳಿ. ಒಂದು ಕಿಲೋ ರಾಗಿಯಲ್ಲಿ ಐದಾರು ಗೋಧಿ ಕಾಳು ಬಿದ್ದರೆ ಗೆರೆ ಮುಟ್ಟಿದಂತೆ. ಒಂದು ಸಾಧಾರಣ ಚಪಾತಿಯಲ್ಲಿ ಇರುವುದು ಸುಮಾರು 3,000 ಮಿಲಿಗ್ರಾಂ. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನ ಸೀಲಿಯಾಕ್ ರೋಗಿಗಳ ಕರುಳಿಗೆ ತೊಂದರೆಯಾಗದು, 50ರ ಆಸುಪಾಸು ದಿನಾ ಹೋದರೆ ಹಾನಿ ಕಾಣಿಸುತ್ತದೆ. ‘ಒಂದು ತುಂಡಿಗೆ ಏನಾಗುತ್ತೆ’ ಎನ್ನುವ ನೆಂಟರಿಗೆ ಈ ಲೆಕ್ಕ ಹೇಳಬಹುದು.

ಐದು ಕಾಳು ಹಿಟ್ಟಾದ ಮೇಲೆ ಯಾರಿಗೂ ಕಾಣುವುದಿಲ್ಲ. ಇಡಿ ಕಾಳಿನಲ್ಲಿದ್ದಾಗ ಕಣ್ಣಿಗೆ ಕಾಣುತ್ತವೆ, ಕೈಯಲ್ಲಿ ಹೆಕ್ಕಿ ಎಸೆಯಬಹುದು. ಅದಕ್ಕೇ ಹಿಟ್ಟು ಕೊಳ್ಳುವುದಕ್ಕಿಂತ ಧಾನ್ಯ ಕೊಳ್ಳುವುದು ಮೇಲು.

ಹಿಟ್ಟಿಗೆ ಇರುವ ದಾರಿಗಳು

ಅಂಗಡಿಯಲ್ಲಿ ಚೀಲದಿಂದ ತೂಗಿ ಕೊಡುವ ಬಿಡಿ ರಾಗಿ ಹಿಟ್ಟು, ಜೋಳದ ಹಿಟ್ಟು, ಕಡಲೆ ಹಿಟ್ಟು ಅಗ್ಗ. ಸೀಲಿಯಾಕ್ ಇದ್ದವರು ಮುಟ್ಟಬೇಡಿ. ಅದೇ ಸೇರು, ಅದೇ ತಕ್ಕಡಿ ತಟ್ಟೆ, ಪಕ್ಕದಲ್ಲೇ ಮೈದಾ ಚೀಲ.

‘ಗ್ಲುಟೆನ್ ಫ್ರೀ’ ಎಂದು ಅಚ್ಚಾದ ಪ್ಯಾಕೆಟ್ ಹಿಟ್ಟು ನಿರಾಳ, ಆದರೆ ಕಿಲೋಗೆ ನೂರೈವತ್ತರ ಆಚೀಚೆ ಅಥವಾ ಮೇಲೆ. ಒಬ್ಬರಿಗೆ ದಿನಕ್ಕೆ 250 ಗ್ರಾಂ ಧಾನ್ಯ ಎಂದರೆ ತಿಂಗಳಿಗೆ ಏಳೂವರೆ ಕಿಲೋ. ಅರ್ಧ ಅನ್ನ ಎಂದಿಟ್ಟುಕೊಂಡರೆ ಹಿಟ್ಟು ನಾಲ್ಕು ಕಿಲೋಗಿಂತ ಕಡಿಮೆ. ಒಬ್ಬರೇ ಇರುವವರು, ಹಾಸ್ಟೆಲಿನವರು, ಬೀಸಿಸಲು ಪುರಸೊತ್ತಿಲ್ಲದವರು ಇದನ್ನೇ ಕೊಂಡರೆ ತಿಂಗಳಿಗೆ ಆರು ನೂರು. ತಪ್ಪೇನಿಲ್ಲ. ಆದರೆ ಹಣೆಪಟ್ಟಿಯ ಹಿಂದಿನ ಪಟ್ಟಿ ಓದಿ. ‘ಚಪಾತಿ ಮಿಕ್ಸ್’ ಎಂದು ಮಾರುವ ಕೆಲವದರಲ್ಲಿ ಬರೀ ಅಕ್ಕಿ ಹಿಟ್ಟು, ಮರಗೆಣಸಿನ ಪಿಷ್ಟ, ಒಂದಿಷ್ಟು ಗೋಂದು ಇರುತ್ತದೆ. ಆ ಬೆಲೆಗೆ ಅದು ನಷ್ಟ.

ಹೆಚ್ಚಿನ ಮನೆಗಳಿಗೆ ಹೊಂದುವುದು ಇಡಿ ಧಾನ್ಯ ತಂದು ಗಿರಣಿಯಲ್ಲಿ ಬೀಸಿಸುವುದು. ಧಾನ್ಯದ ಬೆಲೆಯ ಮೇಲೆ ಬೀಸುವ ಕೂಲಿ ಕಿಲೋಗೆ ಹತ್ತು ರೂಪಾಯಿ ಆಚೀಚೆ. ತೊಂದರೆ ಇರುವುದು ಕಲ್ಲಿನಲ್ಲಿ. ಗಿರಣಿಯ ಎರಡು ಕಲ್ಲುಗಳ ನಡುವೆ, ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲಿ, ಕೆಳಗಿನ ಡಬ್ಬದಲ್ಲಿ ಹಿಂದಿನವರ ಹಿಟ್ಟು ಉಳಿದೇ ಇರುತ್ತದೆ. ಹಿಂದಿನವರು ಗೋಧಿ ಬೀಸಿಸಿದ್ದರೆ ನಿಮ್ಮ ಮೊದಲ ಅರ್ಧ ಕಿಲೋದಲ್ಲಿ ಅದೆಲ್ಲ ಬಂದು ಸೇರುತ್ತದೆ. ಹಾಗಾಗಿ ರಾಗಿ, ಅಕ್ಕಿ, ಗೋಧಿಗೆ ಬೇರೆ ಬೇರೆ ಯಂತ್ರ ಇರುವ ಗಿರಣಿ ಹುಡುಕಿ. ಬೆಂಗಳೂರು, ಮೈಸೂರಿನ ಹಳೇ ಬಡಾವಣೆಗಳಲ್ಲಿ ಇಂಥವು ಇನ್ನೂ ಇವೆ. ಯಂತ್ರ ಬೇರೆ ಇದ್ದರೂ ‘ಈ ಯಂತ್ರದಲ್ಲಿ ಗೋಧಿ ಹಾಕಿದ್ದೇ ಇಲ್ಲವಾ’ ಎಂದು ಕೇಳಿ, ಏಕೆಂದರೆ ಒಂದು ಯಂತ್ರ ಕೆಟ್ಟು ನಿಂತ ದಿನ ಅದರ ಧಾನ್ಯವೆಲ್ಲ ಇನ್ನೊಂದು ಯಂತ್ರಕ್ಕೆ ಹೋಗುತ್ತದೆ. ಕಲ್ಲು ಗುಡಿಸಿದ ಮೇಲೆ ಮೊದಲ ಸರದಿಗೆ ಹೋಗಿ. ಮೊದಲು ಒಂದು ಕಿಲೋ ಅಗ್ಗದ ನುಚ್ಚಕ್ಕಿ ಓಡಿಸಿ, ಆ ಹಿಟ್ಟನ್ನು ಗೋಧಿ ತಿನ್ನುವವರಿಗೆ ಬೇರೆ ಇಡಿ. ಆಮೇಲೆ ನಿಮ್ಮ ಧಾನ್ಯ. ಹಿಟ್ಟು ಇಳಿಯುವ ಡಬ್ಬ ನಿಮ್ಮದೇ ಇರಲಿ, ಜರಡಿ ಹಿಡಿಯುವುದು ಬೇಡವೆನ್ನಿ. ಇಷ್ಟು ಮಾಡಿದರೂ ಇದು 20 ಮಿಲಿಗ್ರಾಂ ಒಳಗೆ ಬಂತು ಎಂದು ಯಾರೂ ಬರೆದುಕೊಡಲಾರರು. ರಕ್ತಪರೀಕ್ಷೆಯ ಅಂಕಿ ಇಳಿಯುತ್ತಿದ್ದರೆ ಒಳ್ಳೆಯ ಸೂಚನೆ, ಆದರೆ ಗಿರಣಿ ಸರಿಯಾಗಿದೆ ಎನ್ನಲು ಅದೊಂದೇ ಖಾತ್ರಿಯಲ್ಲ.

ಮನೆಯಲ್ಲೇ ಇಡುವ ಹಿಟ್ಟಿನ ಯಂತ್ರ ಹನ್ನೆರಡರಿಂದ ಇಪ್ಪತ್ತು ಸಾವಿರ. ಪ್ಯಾಕೆಟ್ ಹಿಟ್ಟಿಗೆ ಹೋಲಿಸಿದರೆ ಕಿಲೋಗೆ ಎಂಬತ್ತು ರೂಪಾಯಿ ಉಳಿಯಿತು ಎನ್ನಿ. ಒಬ್ಬರಿಗೆ ತಿಂಗಳಿಗೆ ನಾಲ್ಕು ಕಿಲೋ ಬೀಸಿದರೆ ಹದಿನೈದು ಸಾವಿರ ಹುಟ್ಟಲು ನಾಲ್ಕು ವರ್ಷ ಹತ್ತಿರ. ಇಡೀ ಮನೆ ರಾಗಿ, ಜೋಳಕ್ಕೆ ಬಂದು ಹನ್ನೆರಡು ಕಿಲೋ ಆದರೆ ಒಂದೂವರೆ ವರ್ಷದೊಳಗೆ ಹುಟ್ಟಿತು. ಸೀಲಿಯಾಕ್ ಇರುವ ಮಗು ಇದ್ದು ಹತ್ತಿರದಲ್ಲಿ ಒಳ್ಳೆಯ ಗಿರಣಿ ಇಲ್ಲದಿದ್ದರೆ ಕೊಳ್ಳಿ. ಆದರೆ ಅದರಲ್ಲಿ ಒಮ್ಮೆಯೂ ಗೋಧಿ ಹಾಕಕೂಡದು. ಎರಡಕ್ಕೂ ಬಳಸುವುದಾದರೆ ಕೊಂಡು ಪ್ರಯೋಜನವಿಲ್ಲ.

ಇವೆಲ್ಲಕ್ಕಿಂತ ಅಗ್ಗದ ದಾರಿ ಗಿರಣಿಯ ಮೆಟ್ಟಿಲನ್ನೇ ಹತ್ತದಿರುವುದು. ಕಾಳನ್ನು ಮೂರ್ನಾಲ್ಕು ನೀರಿನಲ್ಲಿ ತೊಳೆದರೆ ಮೇಲೆ ಅಂಟಿದ ಗೋಧಿ ಧೂಳು ಹೋಗುತ್ತದೆ. ನೆನೆಸಿ ರುಬ್ಬಿದರೆ ಹಿಟ್ಟು ಬೇಕೇ ಇಲ್ಲ. ಎರಡು ಲೋಟ ಜೋಳ, ಒಂದು ಲೋಟ ದೋಸೆ ಅಕ್ಕಿ, ಮುಕ್ಕಾಲು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ಜೋಳ ಹತ್ತು ಗಂಟೆ ನೆನೆಯಬೇಕು, ಉಳಿದವಕ್ಕೆ ಐದು ಸಾಕು. ಜೋಳವನ್ನು ಕಡಿಮೆ ನೆನೆಸಿದರೆ ತರಿ ಉಳಿದು ದೋಸೆ ಕಾವಲಿಗೆ ಅಂಟುತ್ತದೆ. ರಾಗಿಗೆ ಇದೇ ಅಳತೆ, ನೆನೆ ಎಂಟು ಗಂಟೆ, ಹುದುಗು ಅಕ್ಕಿಯ ದೋಸೆಗಿಂತ ಬೇಗ ಬರುವುದರಿಂದ ಬೇಸಿಗೆಯಲ್ಲಿ ರುಬ್ಬಿ ಆರು ಗಂಟೆ ಕಳೆದೊಡನೆ ಫ್ರಿಜ್ಜಿಗೆ ಇಡಿ. ಅಕ್ಕಿ ಹಿಟ್ಟಿಗಾದರೆ ಅಕ್ಕಿ ತೊಳೆದು ಬಟ್ಟೆಯ ಮೇಲೆ ನೆರಳಿನಲ್ಲಿ ಒಂದೆರಡು ಗಂಟೆ ಹರಡಿ, ಕೈಗೆ ತೇವ ತಾಗುವಾಗಲೇ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಪುಡಿ ಮಾಡಿ ಜರಡಿ ಹಿಡಿಯಿರಿ. ಕಡಲೆ ಹಿಟ್ಟಿನ ಬದಲು ಹುರಿಗಡಲೆ ಪುಡಿ ಮಾಡಿದರೆ ಅನೇಕ ಕಡೆ ನಡೆಯುತ್ತದೆ. ಒಣ ರಾಗಿ, ಜೋಳ ಮಾತ್ರ ಮಿಕ್ಸಿಗೆ ಬಗ್ಗುವುದಿಲ್ಲ, ಮುದ್ದೆ ಮರಳಿನಂತಾಗುತ್ತದೆ.

ಯಾವ ಧಾನ್ಯ?

‘ರಾಗಿ ಬಡವರ ಊಟ’ ಎನ್ನುವ ಮಾತು ಹಳತಾಯಿತು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ ರಾಗಿಗೆ 4,886, ಹೈಬ್ರಿಡ್ ಜೋಳಕ್ಕೆ 3,699, ಸಜ್ಜೆಗೆ 2,775, ಸಾಧಾರಣ ಭತ್ತಕ್ಕೆ 2,369 ರೂಪಾಯಿ. ಅದೇ ವರ್ಷ ಮಾರುಕಟ್ಟೆಗೆ ಬಂದ ಗೋಧಿಗೆ 2,425. ಅಂದರೆ ರಾಗಿ ಹೊಲದಲ್ಲೇ ಗೋಧಿಯ ಎರಡು ಪಟ್ಟು. ಚಪಾತಿ ಬಿಟ್ಟು ಬರೀ ರಾಗಿಗೆ ಬಂದರೆ ಖರ್ಚು ಏರುವುದು ಸಹಜ. ಭತ್ತ ಅಕ್ಕಿಯಾಗುವಾಗ ಮೂರನೇ ಒಂದು ಪಾಲು ಹೊಟ್ಟು, ತೌಡಾಗಿ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ರೇಷನ್ ಕಾರ್ಡ್ ಇದ್ದವರಿಗೆ ಅಕ್ಕಿಯ ಚಿಂತೆ ಕಡಿಮೆ. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ, ಉತ್ತರದಲ್ಲಿ ಜೋಳ ಕೊಡುವ ತಿಂಗಳುಗಳಲ್ಲಿ ಬಿಡದೆ ತನ್ನಿ.

ದುಡ್ಡಿಗೆ ತಕ್ಕ ಸತ್ವ ನೋಡಿದರೆ ಸಜ್ಜೆಯೇ ಮುಂದು: 100 ಗ್ರಾಮಿಗೆ ಪ್ರೋಟೀನು ಸುಮಾರು 11 ಗ್ರಾಂ, ಕಬ್ಬಿಣ 6.4 ಮಿಲಿಗ್ರಾಂ. ಸೀಲಿಯಾಕಿನಿಂದ ರಕ್ತ ಕಡಿಮೆಯಾದವರಿಗೆ ಇದು ಮುಖ್ಯ. ಆದರೆ ಎಣ್ಣೆಯಂಶ ಹೆಚ್ಚು, ಹಿಟ್ಟು ಹತ್ತು ದಿನದಲ್ಲಿ ಕಹಿಯಾಗುತ್ತದೆ, ಹಾಗಾಗಿ ಒಂದೊಂದೇ ಕಿಲೋ ಬೀಸಿಸಬೇಕು. ಜೋಳದಲ್ಲಿ ಪ್ರೋಟೀನು 10 ಗ್ರಾಂ, ನಾರು 10 ಗ್ರಾಂ, ದಿನದ ಊಟಕ್ಕೆ ಯಾವ ತಕರಾರೂ ಇಲ್ಲದ್ದು. ರಾಗಿಯ ಪ್ರೋಟೀನು 7 ಗ್ರಾಂ ಮಾತ್ರ, ಆದರೆ ಸುಣ್ಣದಂಶ 364 ಮಿಲಿಗ್ರಾಂ, ಉಳಿದ ಯಾವ ಧಾನ್ಯವೂ ಹತ್ತಿರ ಬರುವುದಿಲ್ಲ. ಹೊಸದಾಗಿ ಸೀಲಿಯಾಕ್ ಎಂದು ತಿಳಿದವರಿಗೆ ಕರುಳು ಮಾಗುವವರೆಗೆ ಹಾಲೂ ಒಗ್ಗದೆ ಇರುವುದುಂಟು, ಆಗ ರಾಗಿಗೆ ಕೊಡುವ ಹೆಚ್ಚುವರಿ ದುಡ್ಡು ಸಾರ್ಥಕ. ಕೆಲವು ತಿಂಗಳಲ್ಲಿ ಹಲವರಿಗೆ ಹಾಲು ಮತ್ತೆ ಒಗ್ಗುತ್ತದೆ, ಅಲ್ಲಿಯವರೆಗೆ ಮೊಸರು, ಮಜ್ಜಿಗೆ ಪ್ರಯತ್ನಿಸಿ. ದುಬಾರಿ ಬಾದಾಮಿ ಹಾಲು ಬೇಕಿಲ್ಲ.

ಬರೀ ಬಿಳಿ ಅನ್ನದ ಮೇಲೆ ಬದುಕುವುದು ಎಲ್ಲಕ್ಕಿಂತ ಅಗ್ಗ, ಆದರೆ ನಾರು 3 ಗ್ರಾಮಿಗೂ ಕಡಿಮೆ, ಕಬ್ಬಿಣ ಒಂದು ಮಿಲಿಗ್ರಾಮಿಗೂ ಕಡಿಮೆ. ಗೋಧಿ ಬಿಟ್ಟ ಎರಡನೇ ತಿಂಗಳಿಗೆ ಮಲಬದ್ಧತೆ ಎಂದು ಬರುವವರು ಸಾಮಾನ್ಯವಾಗಿ ಮೂರು ಹೊತ್ತೂ ಅನ್ನ ಉಂಡವರು. ನವಣೆ, ಸಾಮೆ, ಊದಲು, ಕೊರಲೆ ಒಳ್ಳೆಯವೇ. ಆದರೆ ಸಿಪ್ಪೆ ತೆಗೆದು ಪಾಲಿಶ್ ಮಾಡಿ ಮಾರುವಾಗ ಜೋಳದ ಎರಡು ಮೂರು ಪಟ್ಟು ಬೆಲೆ. ವಾರಕ್ಕೊಂದೆರಡು ಸಲ ಉಪ್ಪಿಟ್ಟಿಗೆ, ಬಿಸಿಬೇಳೆಬಾತಿಗೆ ಸಾಕು. ಸಿರಿಧಾನ್ಯವೆಂದ ಮಾತ್ರಕ್ಕೆ ದಿನದ ಊಟ ಅದರದ್ದೇ ಆಗಬೇಕಿಲ್ಲ.

ಕಾಳು ಹಸನು ಮಾಡುವಾಗ ಒಂದು ಅನುಕೂಲ: ರಾಗಿ, ನವಣೆ, ಸಾಮೆ ಸಣ್ಣವು, ಗೋಧಿ ದಪ್ಪ. ರಾಗಿ ಇಳಿಯುವಷ್ಟು ಕಣ್ಣಿನ ಜರಡಿಯಲ್ಲಿ ಆಡಿಸಿದರೆ ಗೋಧಿ ಕಾಳೆಲ್ಲ ಮೇಲೆ ಉಳಿಯುತ್ತದೆ, ಎರಡು ನಿಮಿಷದ ಕೆಲಸ. ಜೋಳದಲ್ಲಿ ಹಾಗಾಗದು. ಗಾತ್ರ ಹೆಚ್ಚುಕಡಿಮೆ ಒಂದೇ, ಮೊರದಲ್ಲಿ ಹರಡಿ ಕಣ್ಣಲ್ಲೇ ಆರಿಸಬೇಕು. ಗೋಧಿ ಉದ್ದ, ನಡುವೆ ಸೀಳು, ಜೋಳ ದುಂಡು. ಬೆಳಕಿನಲ್ಲಿ ಕೂತು ಕಿಲೋಗೆ ಹತ್ತು ನಿಮಿಷ.

ಇನ್ನೊಂದು ಎಚ್ಚರ. ಖಪ್ಲಿ ಗೋಧಿ, ಜವೆಗೋಧಿ, ಬನ್ಸಿ, ‘ದೇಸಿ ಗೋಧಿ’ ಎಂದು ಯಾವ ಹೆಸರಿನಲ್ಲಿ ಮಾರಿದರೂ ಅದರಲ್ಲಿ ಗ್ಲುಟೆನ್ ಇದೆ. ಸಕ್ಕರೆ ಕಾಯಿಲೆಗೆ ಒಳ್ಳೆಯದಿರಬಹುದು, ಸೀಲಿಯಾಕ್ ಇದ್ದವರಿಗೆ ವಿಷವೇ. ಬಾರ್ಲಿ ನೀರೂ ಅಷ್ಟೇ, ಜ್ವರ ಬಂದಾಗ ಅಜ್ಜಿ ಕೊಡಲು ಬಂದರೆ ಗಂಜಿ ಕೇಳಿ.

ಗೋಧಿಯಿಲ್ಲದ ರೊಟ್ಟಿ ಯಾಕೆ ಬಿರಿಯುತ್ತದೆ

ನಾದಿದರೆ ಎಳೆಯಾಗುವ ಗುಣ ಗ್ಲುಟೆನ್ನಿನದು. ಜೋಳದಲ್ಲಿ ಅದಿಲ್ಲ, ಹಿಡಿದಿಡಬೇಕಾದ್ದು ಬಿಸಿನೀರಿಗೆ ಬೆಂದ ಪಿಷ್ಟ. ಒಂದು ಲೋಟ ಹಿಟ್ಟಿಗೆ ಮುಕ್ಕಾಲರಿಂದ ಒಂದು ಲೋಟ ನೀರು, ಚಿಟಿಕೆ ಉಪ್ಪು. ನೀರು ಕುದಿಯುತ್ತಿರಬೇಕು, ಬರೀ ಬಿಸಿ ಸಾಲದು. ಹಿಟ್ಟಿನ ನಡುವೆ ಗುಳಿ ಮಾಡಿ ಸುರಿದು, ಸೌಟಿನ ಹಿಂಬದಿಯಿಂದ ಕಲಸಿ, ಕೈ ತಡೆಯುವಷ್ಟು ಆರಿದೊಡನೆ ನಾದಿ. ನಾಲ್ಕೈದು ನಿಮಿಷ ಅಂಗೈಯ ಹಿಮ್ಮಡಿಯಿಂದ ಒತ್ತಿ ನಾದಿದರೆ ಅಂಚು ಸೀಳುವುದಿಲ್ಲ. ಒಂದೊಂದು ರೊಟ್ಟಿಗೂ ಆಯಾ ಹೊತ್ತಿಗೇ ಮತ್ತೊಮ್ಮೆ ನಾದಬೇಕು. ತಟ್ಟಿ, ಕಾದ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಆಡಿಸಿ, ನೀರು ಆರಿದ ಕೂಡಲೇ ಮಗುಚಿ. ತಡವಾದರೆ ಬಿರುಕು, ಬೇಗ ಮಗುಚಿದರೆ ಹಸಿ.

ಇಷ್ಟು ಮಾಡಿಯೂ ರೊಟ್ಟಿ ಒಡೆದರೆ ಹಿಟ್ಟು ಹಳತು ಎಂದರ್ಥ. ಬೀಸಿಸಿ ಎರಡು ಮೂರು ವಾರ ಕಳೆದ ಹಿಟ್ಟು ಜಿಗಿ ಬಿಟ್ಟಿರುತ್ತದೆ, ಅಂಗಡಿಯ ಪ್ಯಾಕೆಟ್ ಹಿಟ್ಟಿನ ರೊಟ್ಟಿ ಅನೇಕರಿಗೆ ಬಾರದಿರುವುದೂ ಇದಕ್ಕೇ. ಅಂಥ ಹಿಟ್ಟಿಗೆ ಲೋಟಕ್ಕೊಂದು ಚಮಚ ಇಸಬ್ಗೋಲ್ ಸೇರಿಸಿ ಹತ್ತು ನಿಮಿಷ ಬಿಟ್ಟು ನಾದಿದರೆ ಲಟ್ಟಣಿಗೆಗೂ ಬರುತ್ತದೆ. ಇದೇ ಅಂಟಿಗಾಗಿ ಕ್ಸಾಂಥನ್ ಗಮ್ ಎಂದು ಪುಟ್ಟ ಡಬ್ಬಿಗೆ ನೂರಾರು ರೂಪಾಯಿ ಕೊಡುವ ಅಗತ್ಯವಿಲ್ಲ, ಔಷಧಿ ಅಂಗಡಿಯ ಇಸಬ್ಗೋಲ್ ಸಾಕು.

ಇಂಗು

ಅಡುಗೆಮನೆಯಲ್ಲಿ ಎಲ್ಲರೂ ಮರೆಯುವ ಗೋಧಿ ಇಂಗಿನ ಡಬ್ಬಿಯಲ್ಲಿದೆ. ಅಂಗಡಿಯ ಇಂಗಿನ ಪುಡಿ ಶುದ್ಧ ಇಂಗಲ್ಲ. ಗೋಂದು, ಹಿಟ್ಟು ಬೆರೆಸಿ ಹದ ಮಾಡಿದ್ದು. ಆ ಹಿಟ್ಟು ಬಹುಪಾಲು ಗೋಧಿಯದ್ದೋ ಮೈದಾವೋ. ಗಟ್ಟಿ ಇಂಗಾದರೆ ಶುದ್ಧ ಎಂಬ ನಂಬಿಕೆಯೂ ತಪ್ಪು, ಅದರಲ್ಲೂ ಹಿಟ್ಟು ಸೇರಿರುತ್ತದೆ. ಕಾಲು ಚಮಚ ಪುಡಿ ಅರ್ಧ ಗ್ರಾಂ, ಅದರಲ್ಲರ್ಧ ಗೋಧಿ ಹಿಟ್ಟು ಎಂದಿಟ್ಟುಕೊಂಡರೆ ಒಂದು ಪಾತ್ರೆ ಸಾರಿಗೆ 25 ಮಿಲಿಗ್ರಾಂ ಗ್ಲುಟೆನ್. ನಾಲ್ವರು ಉಂಡರೆ ತಲೆಗೆ ಆರು. ಬೆಳಿಗ್ಗೆ ಚಟ್ನಿ ಒಗ್ಗರಣೆ, ಮಧ್ಯಾಹ್ನ ಸಾರು, ರಾತ್ರಿ ಹುಳಿ ಎಂದರೆ ದಿನದ 10ರ ಗೆರೆ ದಾಟಿತು. ಸೂಕ್ಷ್ಮತೆ ಮಾತ್ರ ಇದ್ದವರಿಗೆ ಇದು ಲೆಕ್ಕಕ್ಕಿಲ್ಲ. ಸೀಲಿಯಾಕ್ ಇದ್ದು ಪಥ್ಯ ಮಾಡಿಯೂ ಗುಣವಾಗದವರು ಮೊದಲು ನೋಡಬೇಕಾದ್ದು ಇದೇ.

ಮೂರು ಆಯ್ಕೆ. ಹಿಟ್ಟು ಬೆರೆಸದ ಹಾಲಿಂಗು ದುಬಾರಿ, ಆದರೆ ಸಾಸಿವೆ ಕಾಳಿನಷ್ಟು ಸಾಕಾಗುವುದರಿಂದ ಹತ್ತು ಗ್ರಾಂ ತಿಂಗಳುಗಟ್ಟಲೆ ಬರುತ್ತದೆ. ಬಿಸಿ ಎಣ್ಣೆಗೆ ನೇರ ಹಾಕಿದರೆ ಸೀದು ಕಹಿಯಾಗುತ್ತದೆ, ನೀರಿನಲ್ಲಿ ಕರಗಿಸಿ ಕುದಿಯುವ ಸಾರಿಗೆ ಬಿಡಿ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಕೂಡ ಸಿಗುತ್ತದೆ, ಬೆಲೆ ಮಾಮೂಲಿಗಿಂತ ಸ್ವಲ್ಪವೇ ಹೆಚ್ಚು. ನಮ್ಮ ಮತ ಇದಕ್ಕೆ. ಮೂರನೆಯದು ಇಂಗನ್ನೇ ಬಿಡುವುದು. ಬೆಳ್ಳುಳ್ಳಿ ತಿನ್ನುವ ಮನೆಗೆ ಇದು ಕಷ್ಟವೇ ಅಲ್ಲ. ಇಂಗು ಸರಿಪಡಿಸಿದ ಮೇಲೆ ಅದೇ ಕಣ್ಣಿನಲ್ಲಿ ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಉದ್ದಿನ ಹಪ್ಪಳದ ಪ್ಯಾಕೆಟ್ ತಿರುಗಿಸಿ ನೋಡಿ. ಸಾರಿನ ಪುಡಿಯನ್ನು ಮನೆಯಲ್ಲೇ ಹುರಿದು ಮಿಕ್ಸಿಗೆ ಹಾಕುವುದು ಅಗ್ಗವೂ ಹೌದು, ಭಯವೂ ಇಲ್ಲ.

ರವೆ, ಬಿಸ್ಕತ್ತು, ಓಟ್ಸ್

ಉಪ್ಪಿಟ್ಟು ರವೆ, ಚಿರೋಟಿ ರವೆ, ಬನ್ಸಿ ರವೆ, ಅಂಗಡಿಯ ಮಾಮೂಲಿ ಶಾವಿಗೆ ಎಲ್ಲವೂ ಗೋಧಿ. ಇಡ್ಲಿ ರವೆ ಅಕ್ಕಿಯದು, ಧಾರಾಳವಾಗಿ ತಿನ್ನಿ, ಸೀಲಿಯಾಕ್ ಇದ್ದವರು ಚೀಲದಿಂದ ತೂಗಿ ಕೊಡುವುದನ್ನು ಮಾತ್ರ ಕೊಳ್ಳಬೇಡಿ. ರವೆ ಇಡ್ಲಿ ಗೋಧಿಯದು, ಬಿಡಿ. ಉಪ್ಪಿಟ್ಟಿಗೆ ಅಕ್ಕಿ ತರಿ ಲೋಟಕ್ಕೆ ಎರಡೂವರೆ ಲೋಟ ನೀರು, ಜೋಳದ ರವೆಗೆ ಮೂರು, ಸಾಮೆಗೆ ಎರಡರಿಂದ ಎರಡೂವರೆ. ಮೊದಲು ಎಣ್ಣೆಯಲ್ಲಿ ಘಮ್ಮೆನ್ನುವಂತೆ ಹುರಿಯದಿದ್ದರೆ ಮುದ್ದೆಗಟ್ಟುತ್ತದೆ. ಸತ್ಯನಾರಾಯಣ ಪೂಜೆಯ ಸಜ್ಜಿಗೆಯನ್ನೂ ಅಕ್ಕಿ ತರಿಯಲ್ಲಿ ಮಾಡಿಕೊಳ್ಳಬಹುದು. ಏಕಾದಶಿಗೆ ಅನ್ನ ಬಿಟ್ಟು ಚಪಾತಿ, ಉಪ್ಪಿಟ್ಟು ಮಾಡುವ ಮನೆಗಳಲ್ಲಿ ಅಂದು ಸಾಬಕ್ಕಿ, ಸಾಮೆಯೇ ಗತಿ.

‘ರಾಗಿ ಬಿಸ್ಕತ್ತು’, ‘ಜೋಳದ ಬ್ರೆಡ್ಡು’, ‘ಸಿರಿಧಾನ್ಯ ನೂಡಲ್ಸ್’ ಎಂದು ದೊಡ್ಡದಾಗಿ ಬರೆದಿರುವಲ್ಲಿ ಹಿಂದಿನ ಪಟ್ಟಿಯ ಮೊದಲ ಪದಾರ್ಥ ಸಾಮಾನ್ಯವಾಗಿ ಮೈದಾ. ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ, ಮೊದಲ ಮೂರು ಓದಿದರೆ ಅರ್ಧ ಗೊತ್ತಾಯಿತು. ಆಮೇಲೆ ಕೆಳಗಿನ ಅಲರ್ಜಿಯ ಸಾಲು. ಗೋಧಿ, ಬಾರ್ಲಿ, ರೈ, ಓಟ್ಸ್ ಇದ್ದರೆ ಅಲ್ಲಿ ಹೇಳಲೇಬೇಕೆಂದು ನಿಯಮವಿದೆ. ‘ಮಾಲ್ಟ್’ ಎಂದರೆ ಬಹುಪಾಲು ಬಾರ್ಲಿ, ಹಾಲಿಗೆ ಬೆರೆಸುವ ಪುಡಿಗಳಲ್ಲಿ ಹೆಚ್ಚಿನವು ಇದರಿಂದಲೇ ಆಗುವುದು. ಮನೆಯಲ್ಲಿ ಮೊಳಕೆ ಕಟ್ಟಿ ಹುರಿದ ರಾಗಿಯದಾದರೆ ಅಡ್ಡಿಯಿಲ್ಲ. ಅಂಗಡಿಯ ರಾಗಿ ಮಾಲ್ಟಿನಲ್ಲಿ ಗೋಧಿ ಸೇರಿರುವುದುಂಟು.

ಮಾಮೂಲಿ ಓಟ್ಸಿಗೆ ಹೊಲ, ಗಿರಣಿ ಎರಡು ಕಡೆಯೂ ಗೋಧಿ, ಬಾರ್ಲಿ ಬೆರೆಯುತ್ತದೆ. ಪ್ರಮಾಣಪತ್ರವಿರುವ ಓಟ್ಸು ಬಲು ದುಬಾರಿ, ಕೆಲವು ಸೀಲಿಯಾಕ್ ರೋಗಿಗಳಿಗೆ ಅದೂ ಒಗ್ಗದು. ಅವಲಕ್ಕಿ ಇರುವಾಗ ಇದರ ಹಂಗೇಕೆ? ಬ್ರೆಡ್ಡಿಗೂ ಇದೇ ಮಾತು. ಮಗುವಿನ ಹುಟ್ಟುಹಬ್ಬಕ್ಕೆ, ಶಾಲೆಯ ಪ್ರವಾಸಕ್ಕೆ ಒಮ್ಮೊಮ್ಮೆ ಕೊಳ್ಳಿ, ದಿನದ ತಿಂಡಿಗೆ ಬೇಡ. ತಿನಿಸಿಗೆ ಮಂಡಕ್ಕಿ, ಹುರಿಗಡಲೆ, ಜೋಳದ ಅರಳು, ಶೇಂಗಾ ಚಿಕ್ಕಿ, ಎಳ್ಳುಂಡೆ, ಮೈಸೂರು ಪಾಕು, ಧಾರವಾಡ ಪೇಢೆ ಸಾಲದೆ? ನಿಪ್ಪಟ್ಟು, ಕೋಡುಬಳೆಗೆ ಬೇಕರಿಗಳಲ್ಲಿ ಮೈದಾ, ಚಿರೋಟಿ ರವೆ ಹಾಕುತ್ತಾರೆ, ಮದ್ದೂರು ವಡೆಯಲ್ಲಿ ಎರಡೂ ಇರುತ್ತವೆ. ಹೊರದೇಶದಲ್ಲಿರುವ ಕನ್ನಡಿಗರು ಇಂಡಿಯನ್ ಅಂಗಡಿಯಲ್ಲಿ ಹಿಟ್ಟಿನ ಬದಲು ಇಡಿ ರಾಗಿ, ಇಡಿ ಜೋಳ ತಂದು ರುಬ್ಬಿದರೆ ಅಲ್ಲಿನ ‘ಗ್ಲುಟೆನ್ ಫ್ರೀ’ ಕಪಾಟಿನ ಬೆಲೆಯಿಂದ ಪಾರಾಗಬಹುದು.

ಹೊರಗೆ ಉಣ್ಣುವಾಗ

ದರ್ಶಿನಿಯಲ್ಲಿ ಹೆಚ್ಚು ನಂಬಬಹುದಾದ್ದು ಇಡ್ಲಿ, ಆಮೇಲೆ ಖಾಲಿ ದೋಸೆ. ಗರಿಗರಿ ಬರಲೆಂದು ದೋಸೆ ಹಿಟ್ಟಿಗೆ ಮೈದಾ, ರವೆ ಬೆರೆಸುವ ಹೋಟೆಲುಗಳಿವೆ, ರವೆ ದೋಸೆ ಹುಯ್ಯುವ ಕಾವಲಿಯೂ ಅದೇ. ಕೌಂಟರಿನಲ್ಲಿ ‘ಗ್ಲುಟೆನ್’ ಎಂದು ಕೇಳಿದರೆ ‘ಇಲ್ಲ ಸಾರ್’ ಎಂಬ ಉತ್ತರ ಗ್ಯಾರಂಟಿ. ಒಳಗೆ ಕಾವಲಿ ಮುಂದೆ ನಿಂತ ಭಟ್ಟರನ್ನೇ ‘ಹಿಟ್ಟಿಗೆ ಮೈದಾ, ರವೆ ಏನಾದ್ರೂ ಹಾಕ್ತೀರಾ?’ ಎಂದು ಕೇಳಿ. ಉದ್ದಿನ ವಡೆ ಉದ್ದಿನದೇ, ಆದರೆ ಗೋಳಿಬಜೆ, ಮದ್ದೂರು ವಡೆ ಕರಿದ ಬಾಣಲೆಯಲ್ಲೇ ಅದೂ ಬೇಯುತ್ತದೆ. ಸಾಂಬಾರಿಗೆ ಇಂಗಿನ ಪುಡಿ ಖಂಡಿತ. ಸೀಲಿಯಾಕ್ ಇದ್ದವರು ಒಗ್ಗರಣೆಯಿಲ್ಲದ ಚಟ್ನಿ ಕೇಳುವುದು ಮೇಲು. ಗೋಬಿ ಮಂಚೂರಿಯ ಮಾತೇ ಬೇಡ, ಮೇಲಿನ ಲೇಪ ಮೈದಾ, ಸೋಯಾ ಸಾಸಿನಲ್ಲೂ ಗೋಧಿ.

ಹುಬ್ಬಳ್ಳಿ, ವಿಜಯಪುರ ಕಡೆಯ ಖಾನಾವಳಿಯಲ್ಲಿ ಜೋಳದ ರೊಟ್ಟಿ ಸಿಗುತ್ತದೆಂದು ನಿಶ್ಚಿಂತರಾಗಬೇಡಿ. ತಟ್ಟುವಾಗ ಉದುರಿಸುವ ಹಿಟ್ಟು ಯಾವುದು, ಚಪಾತಿ ಮಣೆಯ ಮೇಲೇ ತಟ್ಟುತ್ತಾರೋ ಎಂದು ನೋಡಿ. ಪ್ರಯಾಣಕ್ಕೆ ಕಡಕ್ ರೊಟ್ಟಿ ಕಟ್ಟಿಕೊಳ್ಳಿ. ತೇವ ತಾಗದಿದ್ದರೆ ತಿಂಗಳು ಕೆಡುವುದಿಲ್ಲ, ಶೇಂಗಾ ಚಟ್ನಿಪುಡಿ, ಮೊಸರು ಸಿಕ್ಕರೆ ಊಟ ಆಯಿತು.

ಒಂದೇ ಅಡುಗೆಮನೆ

ಎಲ್ಲ ಪಾತ್ರೆ ಹೊಸದಾಗಿ ಕೊಳ್ಳಬೇಕಿಲ್ಲ. ಸ್ಟೀಲು, ಗಾಜು ಚೆನ್ನಾಗಿ ತೊಳೆದರೆ ಸಾಕು. ಬೇರೆ ಬೇಕಾದ್ದು ನಾಲ್ಕೇ: ಜರಡಿ, ಲಟ್ಟಣಿಗೆ-ಮಣೆ, ರೊಟ್ಟಿ ಹಂಚು, ಮರದ ಸೌಟು. ಇವುಗಳಲ್ಲಿ ಜರಡಿಯೇ ಅತಿ ಕೆಟ್ಟದ್ದು, ಕಣ್ಣುಗಳಲ್ಲಿ ಕೂತ ಮೈದಾ ತೊಳೆದರೂ ಹೋಗದು. ಚಕ್ಕುಲಿ ಒರಳಿನಲ್ಲಿ ಹಿಂದೆ ಮೈದಾ ಹಾಕಿದ್ದರೆ ಬಿಸಿನೀರಿನಲ್ಲಿ ನೆನೆಸಿ ಬ್ರಷ್ಷಿನಲ್ಲಿ ಉಜ್ಜಿ. ಎಣ್ಣೆಯಲ್ಲಿ ಮೊದಲು ನಿಮ್ಮ ಹಪ್ಪಳ, ಆಮೇಲೆ ಉಳಿದವರ ಪೂರಿ. ಚಪಾತಿ ಹಿಟ್ಟು ಕಲಸುವ ಹೊತ್ತಿಗೆ ಪಕ್ಕದಲ್ಲಿ ತೆರೆದ ಪಾತ್ರೆ ಇಡಬೇಡಿ, ಹಾರಿದ ಹಿಟ್ಟು ಕೂರುತ್ತದೆ. ಮಾತ್ರೆಗಳಲ್ಲೂ ಕೆಲವೊಮ್ಮೆ ಗೋಧಿ ಪಿಷ್ಟ ಇರುತ್ತದೆ, ದಿನಾ ನುಂಗುವುದಾದರೆ ಔಷಧಿ ಅಂಗಡಿಯಲ್ಲಿ ಕೇಳಿ.

ಪಥ್ಯ ಹಿಡಿದು ಆರು ತಿಂಗಳಿಗೆ, ವರ್ಷಕ್ಕೆ ಟಿಟಿಜಿ ಮತ್ತೆ ಮಾಡಿಸುತ್ತಾರೆ. ಅಂಕಿ ಇಳಿಯದಿದ್ದರೆ ಕಂಗೆಟ್ಟು ದುಬಾರಿ ಪ್ಯಾಕೆಟ್ಟಿಗೆ ಓಡಬೇಡಿ. ಮೊದಲು ಇಂಗು ಮತ್ತು ಅಂಗಡಿಯ ಮಸಾಲೆ ಪುಡಿ ನೋಡಿ, ಆಮೇಲೆ ಹೋಟೆಲಿನ ದೋಸೆ, ಆಮೇಲೆ ಜರಡಿ. ಮೂರೂ ಸರಿಯಿದ್ದರೆ ಒಂದು ತಿಂಗಳು ಗಿರಣಿ ಹಿಟ್ಟು ನಿಲ್ಲಿಸಿ, ತೊಳೆದು ರುಬ್ಬಿದ ದೋಸೆ, ಇಡ್ಲಿ, ಅನ್ನದಲ್ಲೇ ಇದ್ದು ನೋಡಿ. ಹೊಟ್ಟೆ, ನಿತ್ರಾಣ ಆಗ ಸುಧಾರಿಸಿದರೆ ಗಿರಣಿ ಬದಲಿಸಿ.